ಗಂಗಾವತಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿ: 14 ತಿಂಗಳ ಗಿರಾಕಿ ಬರೆದದ್ದು

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಆ ಒಂದು ಯಾಕೆ ಹೋಯಿತು ಅಂದರೆ ಅದು ಸರ್ವೆ ನಂಬರಿನ ಕಥೆ, ಮುಂದೆ ಬರುತ್ತದೆ.

ಅಂಗಡಿಗೆ ಬೋರ್ಡ್ ಇಲ್ಲ. ಕೋರ್ಟಿನ ಎದುರಿನ ಓಣಿಯಲ್ಲಿ ಚಹಾದಂಗಡಿ ದಾಟಿದರೆ ಬೇವಿನ ಗಿಡ, ಗಿಡದ ಕೆಳಗೆ ತಗಡಿನ ಶೆಡ್ಡು. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಮೂಲೆಯಲ್ಲಿ ಹಳೆಯ ಟೈಪ್‌ರೈಟರು. ಟೈಪ್‌ರೈಟರಿನ ಮೇಲೆ ಈಗ ಲಕ್ಷ್ಮಿ ಫೋಟೋ, ಊದಿನಕಡ್ಡಿ. ಟೈಪ್ ಮಾಡುವವರು ಐವತ್ತರ ಆಸುಪಾಸಿನ ಹೆಣ್ಣುಮಗಳು. ವಕೀಲರೂ ಸೇರಿ ಎಲ್ಲರೂ ‘ಅಕ್ಕಾರ’ ಅಂತಲೇ ಕರೆಯುತ್ತಾರೆ, ನಾನೂ ಹಾಗೇ. ಜೆರಾಕ್ಸ್ ನೋಡಿಕೊಳ್ಳುವುದು ಅವರ ಯಜಮಾನರು. 14 ತಿಂಗಳಲ್ಲಿ ಆ ಮನುಷ್ಯ ನನ್ನ ಹತ್ತಿರ ಆಡಿದ್ದು ಒಂದೇ ಮಾತು: ‘ಎಷ್ಟು ಕಾಪಿ?’

ರೇಟು ಹೇಳಿಬಿಡುತ್ತೇನೆ. ಕನ್ನಡ ಟೈಪಿಂಗ್ ಪುಟಕ್ಕೆ 40 ರೂಪಾಯಿ, ಜೆರಾಕ್ಸ್ 2 ರೂಪಾಯಿ. ತಿದ್ದಿಸಿದರೆ ದುಡ್ಡಿಲ್ಲ, ತಪ್ಪು ನಿಮ್ಮದೇ ಆಗಿದ್ದರೂ. ಬಿಲ್ ಕೊಡುವುದಿಲ್ಲ, ಕೇಳಿದರೆ ಚೀಟಿಯ ಮೇಲೆ ಬರೆದು ಕೊಡುತ್ತಾರೆ. ನಾನು ಕೇಳಿ ಬರೆಸಿಕೊಂಡಿದ್ದೇನೆ. ಇಲ್ಲಿಯವರೆಗೆ ಒಟ್ಟು 1,860 ರೂಪಾಯಿ.

ಚೀಟಿ ಬರೆಸಿಕೊಳ್ಳುವುದು ನನ್ನ ಚಾಳಿ. ರೈಸ್ ಮಿಲ್ಲಿನ ವೇಬ್ರಿಡ್ಜ್ ಮೇಲೆ 19 ವರ್ಷದಿಂದ ಕೂತವನು ನಾನು. ಗಾಡಿ ಕಾಟಾ ಹತ್ತುತ್ತದೆ, ಬಟನ್ ಒತ್ತುತ್ತೇನೆ, ಗಾಡಿ ನಂಬರು, ತಾರೀಖು, ಹೊತ್ತು, ತೂಕ ಎಲ್ಲ ಅಚ್ಚಾಗಿ ಚೀಟಿ ಹೊರಗೆ ಬರುತ್ತದೆ. ತುಂಬಿದ ತೂಕಕ್ಕೆ ಒಂದು, ಖಾಲಿ ತೂಕಕ್ಕೆ ಒಂದು. ಗಾಡಿಯವನಿಗೊಂದು ಪ್ರತಿ, ಮಿಲ್ಲಿಗೊಂದು.

2024ರ ಡಿಸೆಂಬರ್. ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಈ ಸಲ ಭತ್ತ ಕೈಗೆ ಸಿಗುವುದಿಲ್ಲ ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದರು. ಗೇಟು ಕೂಡಿಸಿದರು, ಮಳೆಯೂ ಬಂತು, ಭತ್ತವೂ ಬಂತು. ಮಿಲ್ಲಿನ ಮುಂದೆ ರಾತ್ರಿಯೆಲ್ಲ ಟ್ರ್ಯಾಕ್ಟರ್ ಸಾಲು. ನಮ್ಮಕ್ಕನ ಮಗ, 26 ವರ್ಷದವ, ಅವತ್ತು 60 ಚೀಲ ತಂದಿದ್ದ. ತುಂಬಿದ ತೂಕ 8,460 ಕಿಲೋ, ಖಾಲಿ ತೂಕ 3,940. ಖಾಲಿ ಚೀಟಿಯ ಮೇಲಿನ ಹೊತ್ತು ರಾತ್ರಿ 11:52. ಚೀಟಿ ಹರಿದು ಕೊಟ್ಟವನು ನಾನೇ. ‘ಮಾವ, ಚಾ ಬ್ಯಾಡ, ಹೊತ್ತಾಗೇತಿ’ ಅಂದು ಹೋದ.

ಎರಡರ ಸುಮಾರಿಗೆ ನದಿ ಆಚೆಯ ಕಚ್ಚಾ ರಸ್ತೆಯಲ್ಲಿ ಪೊಲೀಸರ ಗುಂಡು ಬಿದ್ದು ತೀರಿಕೊಂಡ. ಯಾವ ತಾಲ್ಲೂಕು, ಯಾವ ಠಾಣೆ ಅಂತ ಬರೆಯುವುದಿಲ್ಲ. ವಿಷಯ ಕೋರ್ಟಿನಲ್ಲಿದೆ, ಅಕ್ಕಾರೂ ಬ್ಯಾಡ ಅಂದಿದ್ದಾರೆ. ಪೊಲೀಸರು ಹೇಳುವುದು ಇಷ್ಟು: ಅಕ್ರಮ ಉಸುಕಿನ ಟ್ರ್ಯಾಕ್ಟರ್ ಅಂತ ಅಡ್ಡ ಹಾಕಿದೆವು, ಚಾಲಕ ಸಿಬ್ಬಂದಿ ಮೇಲೆ ಹತ್ತಿಸಲು ಬಂದ, ಟೈರಿಗೆ ಹೊಡೆದ ಗುಂಡು ಅವನಿಗೆ ಬಿತ್ತು. ಬೆಳಗಾಗುವುದರೊಳಗೆ ಎಫ್‌ಐಆರ್ ಆಗಿತ್ತು. ಸತ್ತವನ ಮೇಲೆ, ಕೊಲೆಯತ್ನ ಅಂತ. ಅವನು ಸತ್ತದ್ದಕ್ಕೆ ಒಂದು ಎಫ್‌ಐಆರ್ ಬೇಡವೇ ಅಂತ ಕೇಳಿದರೆ ‘ಅದರಾಗ ಎಲ್ಲಾ ಬಂತಲ್ಲ’ ಅಂದರು.

ನಾನು ಮೊದಲು ಹೋದದ್ದು ಈ ಅಂಗಡಿಗಲ್ಲ. ಇನ್ನೊಂದು ದೊಡ್ಡದಿದೆ, ಗಾಜಿನ ಬಾಗಿಲು, ಎಸಿ, ಕೂರಲು ಸೋಫಾ. ಅಲ್ಲಿ ಏಳು ಪುಟದ ಮನವಿ ಬರೆಸಿದೆ. ಮುಖ್ಯಮಂತ್ರಿ, ಗೃಹ ಮಂತ್ರಿ, ರಾಜ್ಯಪಾಲರು, ರಾಷ್ಟ್ರಪತಿ ಅಂತ 11 ವಿಳಾಸ, ಎಲ್ಲಕ್ಕೂ ಬಣ್ಣದ ಕವರು. ಒಂದೇ ದಿನಕ್ಕೆ 2,200 ರೂಪಾಯಿ. ಎರಡು ತಿಂಗಳಾದ ಮೇಲೆ ‘ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ’ ಅಂತ ನಾಲ್ಕು ಕಾಗದ ಬಂದವು. ಸುತ್ತಿ ಸುತ್ತಿ ಅವೆಲ್ಲ ಹೋಗಿ ಸೇರಿದ್ದು ಅದೇ ಠಾಣೆಯ ಟೇಬಲ್ಲಿಗೆ.

ಆ ಏಳು ಪುಟ ಹಿಡಿದುಕೊಂಡೇ ಅಕ್ಕಾರ ಹತ್ತಿರ ಬಂದೆ. ಕನ್ನಡಕ ಏರಿಸಿ ಪೂರ್ತಿ ಓದಿದರು, ಗಿರಾಕಿಗಳು ಕಾಯುತ್ತಿದ್ದರೂ.

‘ಅಣ್ಣಾರ, ಇದರಾಗ ಅಮಾನುಷ ಅನ್ನೋದು ಎಷ್ಟು ಸಲ ಐತಿ ಗೊತ್ತೇನ್ರಿ? ಒಂಬತ್ತು ಸಲ. ಹೊತ್ತು ಎಷ್ಟು ಸಲ ಐತಿ? ಒಂದ್ಸಲನೂ ಇಲ್ಲ.’

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ದಿನಕ್ಕೆ ಇನ್ನೂರು ಸಲ ಹೊತ್ತು ಅಚ್ಚು ಹಾಕಿ ಕೊಡುವವನು ನಾನು.

ಆಮೇಲೆ ‘ಗೋಲಿಬಾರ್’ ಅನ್ನುವ ಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು. ‘ಇದು ಗುಂಪಿನ ಮ್ಯಾಲೆ ಹೊಡಿಯೋದ್ರಿ. 1980ರಾಗ ನರಗುಂದ, ನವಲಗುಂದದಾಗ ಆಗಿದ್ದು ಗೋಲಿಬಾರ್. 2008ರಾಗ ಹಾವೇರಿದಾಗ ಗೊಬ್ಬರ ಕೇಳಾಕ ಬಂದ ರೈತರ ಮ್ಯಾಲೆ ಆಗಿದ್ದು ಗೋಲಿಬಾರ್. ಅದಕ್ಕ ಬ್ಯಾರೆ ಕಾನೂನು, ಯಾರು ಹುಕುಂ ಕೊಟ್ರು ಅನ್ನೋದು ಬ್ಯಾರೆ ಪ್ರಶ್ನೆ. ನಿಮ್ಮ ಹುಡುಗ ಒಬ್ಬನ ಇದ್ದ.’ ಪದ ಹೊಡೆದುಹಾಕಿ ‘ಪೊಲೀಸ್ ಗುಂಡೇಟಿನಿಂದ ಸಾವು’ ಅಂತ ಬರೆದರು. ಏಳು ಪುಟ ಎರಡು ಪುಟ ಆಯಿತು. ಮಾಡಿದ ಬಿಲ್ಲು 80 ರೂಪಾಯಿ. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಈ ಹೆಣ್ಣುಮಗಳಿಗೆ ವ್ಯಾಪಾರ ಬರುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತು. ‘ಹುಡುಗ ಮೊದ್ಲು ಯಾವಾಗರ ಉಸುಕು ಹೊಡದಿದ್ನೇನ್ರಿ?’ ಅಂತ ಕೇಳಿದರು. ಹೊಡೆದಿದ್ದ. ಎರಡು ಸಲ ಸಿಕ್ಕು ದಂಡ ಕಟ್ಟಿದ್ದ. ಅದನ್ನು ಬರೆಯಿರಿ ಅಂದರು. ನಾನು ಒಲ್ಲೆ ಅಂದೆ. ‘ನೀವು ಬರೀಲಿಲ್ಲ ಅಂದ್ರ ಅವರು ಬರೀತಾರ, ಆಮ್ಯಾಲೆ ನೀವು ಬಚ್ಚಿಟ್ರಿ ಅಂತ ಆಗತೈತಿ’ ಅಂದರು. ಹೊರಗೆ ಹೋಗಿ ಚಹಾ ಕುಡಿದು ಬಂದೆ. ಬರೆಸಿದೆ. ಅದರ ಕೆಳಗೇ ಅವರು ಒಂದು ಸಾಲು ಸೇರಿಸಿದರು: ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ ಆಗುವಂಥ ಅಪರಾಧದ ಆರೋಪಿ ಅಲ್ಲದವನನ್ನು ಬಂಧಿಸುವ ಹೆಸರಿನಲ್ಲಿ ಸಾಯಿಸುವ ಹಕ್ಕು ಬಿಎನ್‌ಎಸ್‌ಎಸ್ (ಹೊಸ ಅಪರಾಧ ಪ್ರಕ್ರಿಯೆ ಕಾಯ್ದೆ) 43ನೇ ಕಲಮಿನಲ್ಲಿ ಇಲ್ಲ. ಅಕ್ರಮ ಗಣಿಗಾರಿಕೆಗೆ ಗಣಿ ಕಾಯ್ದೆಯಲ್ಲಿ ಹೆಚ್ಚೆಂದರೆ ಐದು ವರ್ಷ. ಪೊಲೀಸರು ಆತ್ಮರಕ್ಷಣೆ ಅನ್ನುತ್ತಾರೆ, ಅದು ಬೇರೆ ವಾದ, ಅದನ್ನು ಅವರು ತೋರಿಸಬೇಕು.

ಈಗ ಚೀಟಿಯ ವಿಷಯ. ಹುಡುಗನ ಜೇಬಿನಲ್ಲಿದ್ದ ಪ್ರತಿ ಏನಾಯಿತೋ, ಜಪ್ತಿ ಪಂಚನಾಮೆಯಲ್ಲಂತೂ ಅದರ ಹೆಸರಿಲ್ಲ. ಮಿಲ್ಲಿನ ಪ್ರತಿ ನನ್ನ ಪಾಕೀಟಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ, ದೇವರ ಭಂಡಾರದ ಹಾಗೆ. ಅಕ್ಕಾರು ಅದನ್ನು ಬೆಳಕಿಗೆ ಹಿಡಿದು ‘ಅಯ್ಯ’ ಅಂದರು. ನಮ್ಮ ಪ್ರಿಂಟರು ಶಾಖದಿಂದ ಅಚ್ಚು ಹಾಕುವುದು, ಎಟಿಎಂ ಚೀಟಿ ಬರುತ್ತದಲ್ಲ ಹಾಗೆ. ಮೈ ಬಿಸಿಗೆ, ಬೆವರಿಗೆ ಆಗಲೇ ಅರ್ಧ ಮಾಸಿತ್ತು. 3,940 ಓದುತ್ತಿತ್ತು, 11:52 ಓದುತ್ತಿತ್ತು, ಗಾಡಿ ನಂಬರಿನ ಕೊನೆಯ ಅಂಕಿ ಬಿಸಿಲಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಯಜಮಾನರು ಮೊದಲ ಸಲ ಕುರ್ಚಿ ಬಿಟ್ಟು ಎದ್ದು, ಮಷೀನಿನ ಕಪ್ಪು ಹೆಚ್ಚು ಮಾಡಿ ಮೂರು ಸಲ ತೆಗೆದರು. ಮೂರನೆಯದರಲ್ಲಿ ಎಲ್ಲ ಅಂಕಿ ಬಂದವು. ಅಷ್ಟಕ್ಕೇ ಬಿಡದೆ, ಮೂಲ ಇನ್ನೂ ಓದುತ್ತಿರುವಾಗಲೇ ಎದುರಿನ ನೋಟರಿ ಹತ್ತಿರ ಎರಡನ್ನೂ ಪಕ್ಕಪಕ್ಕ ಇಟ್ಟು ದೃಢೀಕರಿಸಿ ತರಲು ಕಳಿಸಿದರು. ಚೀಟಿಯನ್ನು ಕಾಗದದ ಕವರಿಗೆ ಹಾಕಿ ಕೊಟ್ಟರು, ಪ್ಲಾಸ್ಟಿಕ್ ಬ್ಯಾಡ ಅಂದರು.

‘ಮಿಲ್ಲಿನ ಕಂಪ್ಯೂಟರಿನಾಗ ಇದರ ದಾಖಲೆ ಇರಬೇಕಲ್ರಿ?’ ಇತ್ತು. ಆದರೆ ಕಂಪ್ಯೂಟರಿನಿಂದ ತೆಗೆದದ್ದು ಕೋರ್ಟಿಗೆ ನಡೆಯಬೇಕಾದರೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಸರ್ಟಿಫಿಕೇಟು ಬೇಕು. ಹಳೆಯ ಕಾಯ್ದೆಯಲ್ಲಿ ಅದು 65ಬಿ. ಮಾಲೀಕರ ಸಹಿ ಬೇಕು ಅಂದಾಗ ನನ್ನ ಎದೆ ಧಸಕ್ ಅಂತು. ಪೊಲೀಸರ ಎದುರು ಸಹಿ ಹಾಕು ಅಂದರೆ ಯಾವ ಮಿಲ್ ಮಾಲೀಕ ಹಾಕುತ್ತಾನೆ? ನಮ್ಮ ಮಾಲೀಕರು ಎರಡು ತಿಂಗಳು ಇವತ್ತು ನಾಳೆ ಅಂದರು. ಒಂದು ದಿನ ತಾವೇ ಕರೆದು, ತಲೆ ಎತ್ತದೆ ಸಹಿ ಹಾಕಿ ಕೊಟ್ಟರು. ಅವರಿಗೂ ಒಂದು ಸ್ಟಾರ್ ಕೊಡುವ ವ್ಯವಸ್ಥೆ ಇಲ್ಲಿ ಇಲ್ಲ.

ಅಕ್ಕಾರು ಚೀಟಿಯಿಂದ ಖುಷಿಯಾಗಿ ಕೂತರು ಅಂದುಕೊಳ್ಳಬೇಡಿ. ‘11:52ರಿಂದ ಎರಡರತನಕ ಎರಡು ತಾಸು ಐತಿ. ನಡುವ ಹೋಗಿ ಉಸುಕು ತುಂಬಿಸಿದ ಅಂದ್ರ?’ ಅವತ್ತು ನಾನು ಜಗಳ ಆಡಿಯೇ ಬಂದೆ. ಮನೆಗೆ ಬಂದು ರಾತ್ರಿ ಪಂಚನಾಮೆಯ ನಕಲು ಮತ್ತೆ ಓದಿದೆ. ‘ಟ್ರ್ಯಾಲಿಯಲ್ಲಿ ಸುಮಾರು 3 ಬ್ರಾಸ್ ಉಸುಕು’ ಅಂತ ಬರೆದಿದ್ದರು. ಮೊದಲು ನಾಲ್ಕು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಉಸುಕು ಬ್ರಾಸಿಗೆ ನಾಲ್ಕು ಟನ್ನಿಗೆ ಕಡಿಮೆ ಬರುವುದಿಲ್ಲ, ಹಸಿ ಇದ್ದರೆ ಇನ್ನೂ ಹೆಚ್ಚು. ಮೂರು ಬ್ರಾಸ್ ಅಂದರೆ 12 ಟನ್ನಿನ ಮೇಲೆ. ಅವನ ಟ್ರ್ಯಾಲಿಯಲ್ಲಿ 60 ಚೀಲ ಭತ್ತ, ಅಂದರೆ ನಾಲ್ಕೂವರೆ ಟನ್ನು ಹೇರಿದಾಗಲೇ ಹಿಂದಿನ ಟೈರು ಚಪ್ಪಟೆಯಾಗಿ ಕಾಟಾ ಹತ್ತಲು ತಿಣುಕಿತ್ತು. ಬೆಳಗ್ಗೆ ಎಂಟಕ್ಕೇ ಹೋಗಿ ಶೆಡ್ಡಿನ ಮುಂದೆ ನಿಂತೆ. ಅಕ್ಕಾರು ಬೀಗ ತೆಗೆಯುತ್ತಲೇ ಹೇಳಿದೆ. ಮಾತಾಡಲಿಲ್ಲ. ಕೂತು ಟೈಪ್ ಮಾಡಿದರು: ‘ಪಂಚನಾಮೆಯಲ್ಲಿ ಹೇಳಿದ ಪ್ರಮಾಣದ ಉಸುಕು ಸದರಿ ಟ್ರ್ಯಾಲಿಯಲ್ಲಿ ಹಿಡಿಸುವುದಿಲ್ಲ. ಟ್ರ್ಯಾಲಿಯ ಅಳತೆ ತೆಗೆಯಬೇಕೆಂದು ಕೋರಿಕೆ.’ ಎರಡೇ ಸಾಲು. ‘ಸುಳ್ಳು ಪಂಚನಾಮೆ’ ಅಂತ ಸೇರಿಸಿ ಅಂದೆ, ಸೇರಿಸಲಿಲ್ಲ.

ಈ ಅಂಗಡಿಯ ಇನ್ನೊಂದು ವಿಶೇಷ ಗೋಡೆಯ ಮೇಲಿದೆ. ಕ್ಯಾಲೆಂಡರಿನ ಪಕ್ಕ ಒಂದು ರಟ್ಟು, ಅದರ ಮೇಲೆ 2014ರ ಸೆಪ್ಟೆಂಬರ್ 23ರ ಸುಪ್ರೀಂ ಕೋರ್ಟ್ ತೀರ್ಪಿನ 16 ಅಂಶಗಳು, ಅಕ್ಕಾರೇ ಕನ್ನಡ ಮಾಡಿ ಟೈಪ್ ಮಾಡಿದ್ದು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಕೇಸು. ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಏನೇನು ಆಗಬೇಕು ಅನ್ನುವುದು ಅದರಲ್ಲಿದೆ. ನನ್ನನ್ನು ಕೂರಿಸಿಕೊಂಡು ಒಂದೊಂದೇ ಓದುತ್ತಾ ಹೋದರು, ನಾನು ಹೌದು, ಇಲ್ಲ ಅಂತ ಹೇಳುತ್ತಾ ಹೋದೆ. ಸಾವಿನ ಬಗ್ಗೆ ಎಫ್‌ಐಆರ್ ಆಗಿ ಕೋರ್ಟಿಗೆ ಹೋಗಿದೆಯೇ? ಇಲ್ಲ. ತನಿಖೆ ಸಿಐಡಿಯೋ ಬೇರೆ ಠಾಣೆಯವರೋ ಮಾಡುತ್ತಿದ್ದಾರೆಯೇ, ಗುಂಡು ಹಾರಿಸಿದ ತಂಡದ ಮುಖ್ಯಸ್ಥನಿಗಿಂತ ಮೇಲಿನ ದರ್ಜೆಯವರ ಉಸ್ತುವಾರಿಯಲ್ಲಿ? ಇಲ್ಲ, ಅದೇ ಠಾಣೆ. ಜಿಲ್ಲಾ ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು, ವಿಡಿಯೋ? ಇದು ಆಗಿತ್ತು, ಆಗಿದೆ ಅಂತಲೇ ಬರೆಸಿದರು. ಮ್ಯಾಜಿಸ್ಟ್ರೇಟ್ ವಿಚಾರಣೆ? ನೋಟಿಸು ಬಂದಿತ್ತು. ಗುಂಡು ಹಾರಿಸಿದ ಬಂದೂಕು ಒಪ್ಪಿಸಿ ಪ್ರಯೋಗಾಲಯಕ್ಕೆ ಹೋಗಿದೆಯೇ? ಯಾರೂ ಹೇಳುತ್ತಿಲ್ಲ. ಮಾನವ ಹಕ್ಕು ಆಯೋಗಕ್ಕೆ ತಿಳಿಸಿದ್ದಾರೆಯೇ? ಅದೂ ಹೇಳುತ್ತಿಲ್ಲ. ಗುಂಡು ಹಾರಿಸಿದವರಿಗೆ ಕೂಡಲೇ ಬಡ್ತಿ, ಶೌರ್ಯ ಪದಕ ಕೊಡಬಾರದು ಅಂತಲೂ ಅದರಲ್ಲಿದೆ. ಈ ಕ್ರಮ ಪಾಲಿಸಿಲ್ಲ ಅನಿಸಿದರೆ ಮನೆಯವರು ಆ ಭಾಗದ ಸೆಷನ್ಸ್ ಜಡ್ಜಿಗೆ ದೂರು ಕೊಡಬಹುದು ಅನ್ನುವುದು ನಮಗೆ ಗೊತ್ತಾದದ್ದು ಈ ರಟ್ಟಿನಿಂದ. ಗಾಜಿನ ಬಾಗಿಲಿನವರು ರಾಷ್ಟ್ರಪತಿಯವರೆಗೆ ಹೋಗಿದ್ದರು, ಅಲ್ಲೇ ಇರುವ ಸೆಷನ್ಸ್ ಜಡ್ಜ್ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಮ್ಯಾಜಿಸ್ಟ್ರೇಟ್ ವಿಚಾರಣೆಗೆ ಹೋಗುವ ಮೊದಲು ಹೇಳಿಕೆ ಬರೆಸಲು ಹೋದೆ.

‘ಗುಂಡು ಹೊಡದಿದ್ದು ನೀವು ನೋಡೀರೇನು?’

‘ಇಲ್ರಿ.’

‘ಹಂಗಾರ ಅದರ ಸುದ್ದಿಗೆ ಹೋಗಬ್ಯಾಡ್ರಿ. ನೋಡಿದ್ದು ಏನು?’

‘ಖಾಲಿ ಟ್ರ್ಯಾಲಿ.’

‘ಅದನ್ನ ಹೇಳ್ರಿ.’

ಅಲ್ಲಿ ಹೋಗಿ ಅಷ್ಟೇ ಹೇಳಿ ಬಂದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಈಗ ಕಳೆದ ಸ್ಟಾರಿನ ಕಥೆ. ಠಾಣೆಯಲ್ಲಿ ಎಫ್‌ಐಆರ್ ಮಾಡಲಿಲ್ಲ ಅಂದರೆ ಎಸ್ಪಿಯವರಿಗೆ ಬರೆಯಬೇಕು, ಹಳೆಯ ಸಿಆರ್‌ಪಿಸಿಯಲ್ಲಿ ಇದು 154ನೇ ಕಲಮು. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ 173. ಅಕ್ಕಾರ ಕಂಪ್ಯೂಟರಿನಲ್ಲಿ ಹಳೆಯ ನಮೂನೆಗಳೇ ಇದ್ದವು. ಅವತ್ತು ಗಿರಾಕಿ ಬಹಳ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅವಸರದಲ್ಲಿ ಕಡತದಲ್ಲಿದ್ದ 154 ಎಲ್ಲ ಒಂದೇ ಏಟಿಗೆ 173 ಆಗಲಿ ಅಂತ ಕಂಪ್ಯೂಟರಿಗೆ ಹೇಳಿದರು. ಆಯಿತು. ಘಟನೆ ನಡೆದ ಜಾಗ ಸರ್ವೆ ನಂಬರ್ 154ರ ಪಕ್ಕದ ರಸ್ತೆ. ಅದೂ 173 ಆಯಿತು. ನಾನೂ ಓದಿದೆ, ಅಕ್ಕಾರೂ ಓದಿದರು, ಇಬ್ಬರಿಗೂ ಕಾಣಲಿಲ್ಲ. ಸರ್ವೆ ನಂಬರ್ 173 ಎರಡು ಕಿಲೋಮೀಟರ್ ಆಚೆ, ಕಾಲುವೆ ದಾಟಿ, ಯಾರದೋ ದಾಳಿಂಬೆ ತೋಟ. ಏಳು ವಾರದ ಮೇಲೆ ಹಿಂಬರಹ ಬಂತು: ‘ಅರ್ಜಿದಾರರು ತಿಳಿಸಿರುವ ಸ್ಥಳದಲ್ಲಿ ಸ್ಥಾನಿಕ ವಿಚಾರಣೆ ಮಾಡಲಾಗಿ ಅಲ್ಲಿ ಅಂತಹ ಯಾವುದೇ ಘಟನೆ ಜರುಗಿರುವುದಿಲ್ಲ.’ ಸತ್ಯವೇ. ದಾಳಿಂಬೆ ತೋಟದಲ್ಲಿ ಏನೂ ಜರುಗಿರಲಿಲ್ಲ. ಬರೆದವರಿಗೆ ಸರಿಯಾದ ಜಾಗ ಗೊತ್ತಿತ್ತು, ಪಂಚನಾಮೆ ಮಾಡಿದ್ದು ಅವರೇ.

ಅಕ್ಕಾರು ಆ ಹಿಂಬರಹ ಓದಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ತಪ್ಪು ನನ್ನದು ಅಂದರು. ತಿದ್ದಿದ ಅರ್ಜಿಗೆ ಟೈಪಿಂಗಿನ ದುಡ್ಡು ತಗೊಳ್ಳಲಿಲ್ಲ, ಅಂಚೆ ಖರ್ಚೂ ತಾವೇ ಹಾಕಿದರು. ಅಂದಿನಿಂದ ಅವರ ಕಡೆ ಒಂದು ಹೊಸ ಪದ್ಧತಿ ಬಂದಿದೆ: ಅಂಕಿ ಇರುವ ಸಾಲನ್ನೆಲ್ಲ ಗಿರಾಕಿಯ ಕೈಯಿಂದ ಗಟ್ಟಿಯಾಗಿ ಓದಿಸುತ್ತಾರೆ. ಆದರೂ ನಮ್ಮ ಎರಡು ತಿಂಗಳು ಹೋದದ್ದು ಹೋದದ್ದೇ. ಒಂದು ಸ್ಟಾರ್ ಕಡಿಮೆ.

ಮಾಹಿತಿ ಹಕ್ಕಿನ ಅರ್ಜಿ ಇಲ್ಲೇ ಬರೆಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಾನು ಬರೆದುಕೊಂಡು ಹೋದದ್ದು 400 ಪದ ಇತ್ತು, ಅದರಲ್ಲಿ ಮುನ್ನೂರು ಬೈಗುಳ. ಕಾಟಾದ ಮೇಲೆ ಚೀಲ ಇಳಿಸಿದ ಹಾಗೆ ಒಂದೊಂದೇ ಇಳಿಸಿ 112ಕ್ಕೆ ತಂದರು. ಒಂದರಲ್ಲಿ ಜೀಪಿನ ಲಾಗ್‌ಬುಕ್, ಇನ್ನೊಂದರಲ್ಲಿ ಬಂದೂಕು ಕೊಟ್ಟು ತಗೊಂಡ ರಿಜಿಸ್ಟರು, ಮತ್ತೊಂದರಲ್ಲಿ ಠಾಣಾ ದಿನಚರಿ. ನಮ್ಮಕ್ಕನ ಹೆಸರಿನಲ್ಲಿ ಹಾಕಿಸಿದರು, ಬಿಪಿಎಲ್ ಕಾರ್ಡ್ ಇದ್ದರೆ 10 ರೂಪಾಯಿ ಶುಲ್ಕವೂ ಇಲ್ಲ. ಮೂರಕ್ಕೂ ಒಂದೇ ಉತ್ತರ ಬಂತು, ತನಿಖೆಗೆ ಅಡ್ಡಿ, ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಮು. ‘ತನಿಖೆ ನಡದೈತಿ ಅಂತ ಅವರ ಬರೆದು ಕೊಟ್ರಲ್ಲ, ಇಟ್ಕೋರಿ’ ಅಂದರು. ಮೇಲ್ಮನವಿ ಹಾಕಿದ್ದೇವೆ.

ಠಾಣೆಯ ಸಿಸಿ ಕ್ಯಾಮೆರಾದ ವಿಷಯ ನನಗೆ ಹೊಳೆದೇ ಇರಲಿಲ್ಲ. ಗುಂಡು ಬಿದ್ದ ಮೇಲೆ ಹುಡುಗನನ್ನು ಮೊದಲು ಠಾಣೆಗೆ ಒಯ್ದು ಆಮೇಲೆ ಆಸ್ಪತ್ರೆಗೆ ಒಯ್ದರು ಅಂತ ಊರವರು ಆಡಿಕೊಳ್ಳುತ್ತಾರೆ. ಅಕ್ಕಾರು 2020ರ ಡಿಸೆಂಬರ್ 2ರ ಇನ್ನೊಂದು ಸುಪ್ರೀಂ ಕೋರ್ಟ್ ಆದೇಶ ತೆಗೆದರು. ಪ್ರತಿ ಠಾಣೆಯಲ್ಲೂ ಧ್ವನಿ ಸಮೇತ ಕ್ಯಾಮೆರಾ, 18 ತಿಂಗಳು ಇಟ್ಟುಕೊಳ್ಳಬೇಕು, ಅಂಥ ಸಲಕರಣೆ ಇಲ್ಲ ಅಂದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲ. ಅದನ್ನು ಅಳಿಸಬಾರದು ಅಂತ ಬೇರೆ ಅರ್ಜಿ ಹೋಯಿತು. ಆ 18 ತಿಂಗಳು ತುಂಬುವ 2026ರ ಜೂನ್ ಕ್ಯಾಲೆಂಡರ್ ಪುಟದ ಮೇಲೆ ನಮ್ಮಕ್ಕನ ಹೆಸರು ಬರೆದಿಟ್ಟಿದ್ದಾರೆ.

ರಾಜ್ಯ ಮಾನವ ಹಕ್ಕು ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು, ಶುಲ್ಕ ಇಲ್ಲ, ಆದರೆ ಒಂದು ವರ್ಷದೊಳಗೆ. ದಿಲ್ಲಿಗೂ ಒಂದು ಪ್ರತಿ ಕಳಿಸೋಣ ಅಂದೆ. ಒಂದು ಆಯೋಗದ ಮುಂದೆ ಇದ್ದುದನ್ನು ಇನ್ನೊಂದು ಮುಟ್ಟುವುದಿಲ್ಲ, ಸುಮ್ಮನೆ ಗೊಂದಲ ಅಂದರು. ಪೊಲೀಸ್ ದೂರು ಪ್ರಾಧಿಕಾರಕ್ಕೂ ಒಂದು ಹೋಗಿದೆ. 2006ರಲ್ಲಿ ಸುಪ್ರೀಂ ಕೋರ್ಟ್ ಮಾಡಿ ಅಂದದ್ದು, ನಮ್ಮಲ್ಲಿ 2012ರ ತಿದ್ದುಪಡಿಯಲ್ಲಿ ಬಂದದ್ದು. ಅಲ್ಲಿಂದ ಸ್ವೀಕೃತಿ ಬಂದಿದೆ, ಮುಂದಿನದು ಬಂದರೆ ಇಲ್ಲೇ ಸೇರಿಸುತ್ತೇನೆ. ವಕೀಲರನ್ನೂ ಅಕ್ಕಾರೇ ದಾರಿ ತೋರಿಸಿ ಕೊಡಿಸಿದರು: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, 15100ಕ್ಕೆ ಫೋನ್ ಮಾಡಿದರೂ ನಡೆಯುತ್ತದೆ. ಮುಂದೆ ಹೈಕೋರ್ಟು ಅಂತಾದರೆ ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.

ಅಫಿಡವಿಟ್ಟಿಗೆ ನಮ್ಮಕ್ಕನ ಹೆಬ್ಬೆಟ್ಟು ಬೇಕಿತ್ತು. ನಾಟಿ, ಕಳೆ ಅಂತ ನಲವತ್ತು ವರ್ಷ ಕೆಸರಿನಲ್ಲಿ ಇದ್ದ ಕೈ, ಹೆಬ್ಬೆರಳಿನ ಗೆರೆ ಸವೆದುಹೋಗಿವೆ. ಎರಡು ಸಲ ಒತ್ತಿದರೂ ಬರೀ ನೀಲಿ ಮಚ್ಚೆ. ಅಕ್ಕಾರು ಎದ್ದು ಬಂದು ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬೆರಳು ಒರೆಸಿದರು. ಒಣಗಲು ಬಿಟ್ಟು, ತಮ್ಮ ಕೈಯಿಂದ ಅವಳ ಬೆರಳು ಹಿಡಿದು ಎಡದಿಂದ ಬಲಕ್ಕೆ ಮೆಲ್ಲಗೆ ಉರುಳಿಸಿದರು. ಬಂತು. ‘ಮೂರು ಪ್ರತಿಗೂ ಹಿಂಗ ಮಾಡೂಣು ಬೇ ಅವ್ವಾ, ಅವಸರ ಇಲ್ಲ’ ಅಂದರು. ಒಂದೂಕಾಲು ವರ್ಷದಲ್ಲಿ ನಮ್ಮಕ್ಕನಿಗೆ ಯಾವುದಾದರೂ ಕಚೇರಿಯವರು, ಅಂಗಡಿಯವರು ಅವಸರ ಇಲ್ಲ ಅಂದದ್ದು ಅದೊಂದೇ ಸಲ.

ಕೊರತೆಗಳು. ಕೂರಲು ಜಾಗ ಇಲ್ಲ, ಒಂದು ಕುರ್ಚಿ ಒಂದು ಸ್ಟೂಲು. ಮಧ್ಯಾಹ್ನ ಕರೆಂಟಿನ ಭರವಸೆ ಇಲ್ಲ. ಗುಟ್ಟು ಅನ್ನುವುದಂತೂ ಇಲ್ಲವೇ ಇಲ್ಲ, ನಿಮ್ಮ ಕಷ್ಟ ನಿಮ್ಮ ಹಿಂದಿನ ನಾಲ್ಕು ಜನಕ್ಕೂ ಕೇಳುತ್ತದೆ. ಒಂದು ದಿನ ಸ್ಟೂಲಿನ ಮೇಲೆ ಕೂತಿದ್ದವರ ತಲೆಗೂದಲಿನ ಕಟಿಂಗು, ಖಾಕಿ ಸಾಕ್ಸು ನೋಡಿ ಪೊಲೀಸ್ ಅಂತ ಗೊತ್ತಾಯಿತು. ಅಕ್ಕಾರು ನಮ್ಮ ಅರ್ಜಿ ಗಟ್ಟಿಯಾಗಿ ಓದುತ್ತಿದ್ದರು, ನಾನು ಕೈ ಸನ್ನೆ ಮಾಡಿದೆ, ನಿಲ್ಲಿಸಲಿಲ್ಲ. ಆ ಮನುಷ್ಯ ಕೇಳಿಸಿಕೊಂಡು ಎದ್ದು, ಸ್ಟೂಲನ್ನು ನಮ್ಮಕ್ಕನ ಕಡೆ ಸರಿಸಿ, ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ನಿಂತ. ಇಲಾಖಾ ವಿಚಾರಣೆಗೆ ಉತ್ತರ ಬರೆಸಲು ಬಂದವನಂತೆ. ‘ಅವರಿಗೂ ಇದನ್ನ ಹೇಳೀನ್ರಿ, ಹೊತ್ತು ಬರೀರಿ, ತಾರೀಖು ಬರೀರಿ ಅಂತ’ ಅಂದರು ಅಕ್ಕಾರು, ಪ್ರಿಂಟ್ ಕೊಡುತ್ತಾ.

ಕೇಸು ಎಲ್ಲಿಗೆ ಬಂತು ಅಂತ ಕೇಳುವವರಿಗೆ: ಎಸ್ಪಿಯವರಿಂದ ಆಗಲಿಲ್ಲ ಅಂದ ಮೇಲೆ ಅದೇ ಬಿಎನ್‌ಎಸ್‌ಎಸ್‌ನ 175ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟ್ ಹತ್ತಿರ ಹೋದೆವು. ಹೊಸ ಕಾನೂನಿನಲ್ಲಿ ಸರ್ಕಾರಿ ನೌಕರನ ಮೇಲೆ ದೂರು ಇದ್ದರೆ ಅವನ ಮೇಲಧಿಕಾರಿಯ ವರದಿ ತರಿಸಿಕೊಂಡು, ಅವನ ಮಾತನ್ನೂ ಕೇಳಿ, ಆಮೇಲೆ ತನಿಖೆಗೆ ಆದೇಶ. ಆ ವರದಿ ಬರಲು ಐದು ತಿಂಗಳು ಹಿಡಿಯಿತು. ಎರಡು ಪುಟ. ಮೂರು ಬ್ರಾಸ್ ಅದರಲ್ಲೂ ಇದೆ, ಯಾರೂ ಲೆಕ್ಕ ಹಾಕಿ ನೋಡಿಲ್ಲ.

ಹೋದ ವಾಯಿದೆಗೆ ಮೂಲ ಚೀಟಿ ತೋರಿಸಿ ಅಂದರು. ಕಾಗದದ ಕವರಿನಿಂದ ತೆಗೆದು ಕೊಟ್ಟೆ. ಪೂರ್ತಿ ಬಿಳಿ. ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನನ್ನ ಮುಖ ನೋಡಿದರು. ಆಮೇಲೆ ವಕೀಲರು ನೋಟರಿ ಸೀಲಿದ್ದ ಜೆರಾಕ್ಸು, ಮಾಲೀಕರ ಸರ್ಟಿಫಿಕೇಟು ಮುಂದಿಟ್ಟರು. ಮೂರನ್ನೂ ಒಂದೇ ಟ್ಯಾಗಿನಲ್ಲಿ ಪೋಣಿಸಿ ಕಡತಕ್ಕೆ ಸೇರಿಸಿಕೊಂಡರು.

ಮುಂದಿನ ವಾಯಿದೆ ಇದೇ 24ಕ್ಕೆ. ಅದರೊಳಗೆ ಆ ವರದಿಗೆ ತಕರಾರು ಬರೆಸಬೇಕು, ಟ್ರ್ಯಾಲಿಯ ಅಳತೆ ಸಮೇತ. ನೀವು ಆ ವಾರ ಅಂಗಡಿಗೆ ಹೋಗುವುದಿದ್ದರೆ ಮಧ್ಯಾಹ್ನದ ಮೇಲೆ ಹೋಗಿ. ಬೆಳಗ್ಗೆ ಆ ಸ್ಟೂಲಿನ ಮೇಲೆ ನಮ್ಮಕ್ಕ ಕೂತಿರುತ್ತಾಳೆ.